ಪೈಥಾನ್ 3.14: ಬಟವಾಡೆ ಲೆಕ್ಕಕ್ಕೆ ಹಾಕಿ ಮೂರು ತಿಂಗಳಾದ ಮೇಲೆ

ನಮ್ಮದು ಮಂಡ್ಯದಲ್ಲಿ ಐದು ಜನರ ಆಫೀಸು. ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬೆಳಿಗ್ಗೆ ಸಂಜೆ ಡೇರಿಗೆ ಬಂದ ಹಾಲಿನ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಲ್ಲ ಹಿಡಿದು, ದರಪಟ್ಟಿ ನೋಡಿ, ಯಾವ ಸದಸ್ಯರಿಗೆ ಎಷ್ಟು ದುಡ್ಡು ಅಂತ ಹದಿನೈದು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ತೆಗೆಯುವುದೇ ಅದರ ಮುಖ್ಯ ಕೆಲಸ. ಪಟ್ಟಿ ಒಂದು ದಿನ ತಡವಾದರೆ ಹಸುವಿನ ಹಿಂಡಿ ಬೂಸಕ್ಕೆ ಆ ದುಡ್ಡನ್ನೇ ನಂಬಿಕೊಂಡವರಿಗೆ ತೊಂದರೆ. ಹಾಗಾಗಿ ನಾವು ಇದನ್ನು ಬರೆದಿರುವ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಬಂತು ಅಂದ ಕೂಡಲೇ ಹಾಕಿಕೊಳ್ಳುವ ಧೈರ್ಯ ನಮಗಿಲ್ಲ. 3.14 ಬಿಡುಗಡೆಯಾದದ್ದು 2025ರ ಅಕ್ಟೋಬರ್ 7ಕ್ಕೆ. ನಾವು ಸಂಕ್ರಾಂತಿ ಕಳೆಯಲಿ ಅಂತ ಕಾದು, ಆಮೇಲೆ ಸರ್ವರಿಗೆ ಹಾಕಿದೆವು. ಈಗ ಮೂರು ತಿಂಗಳಾಯಿತು. ಆರು ಬಟವಾಡೆ ಅದರಲ್ಲೇ ಆಗಿದೆ.

ಕಣ್ಣಿಗೆ ಮೊದಲು ಬೀಳುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಟರ್ಮಿನಲ್‌ನಲ್ಲಿ ಪೈಥಾನ್ ತೆರೆದರೆ ಟೈಪ್ ಮಾಡುತ್ತಿದ್ದ ಹಾಗೆಯೇ ಕೋಡಿಗೆ ಬಣ್ಣ ಬರುತ್ತದೆ. ವೈಲ್ (while) ಅನ್ನುವ ಪದದಲ್ಲಿ ಒಂದು ಎಲ್ ಹೆಚ್ಚಾಗಿ ಬಿದ್ದರೆ, ನೀವು ಹೇಳಹೊರಟದ್ದು ವೈಲ್ ಅಂತಲೇ ಅಂತ ಅದೇ ಕೇಳುತ್ತದೆ. ಹೊಸದಾಗಿ ಸೇರಿದ ಹುಡುಗಿ ಕಲಿಯುವಾಗ ಇದು ಎಷ್ಟು ಸಹಾಯಕ್ಕೆ ಬಂತು ಅಂತ ನಾನೇ ನೋಡಿದ್ದೇನೆ. ಟಿ-ಸ್ಟ್ರಿಂಗ್ ಅಂತ ಹೊಸ ಬಗೆಯ ಸ್ಟ್ರಿಂಗ್, ಅಂದರೆ ಕೋಡಿನೊಳಗೆ ಪಠ್ಯ ಬರೆಯುವ ಹೊಸ ರೀತಿ, ಬಂದಿದೆ. ಮೊದಲ ಕರಡಿನಲ್ಲಿ ಯಾವ ಹೆಸರನ್ನು ಬೇಕಾದರೂ ಸ್ಟ್ರಿಂಗ್ ಮುಂದೆ ಅಂಟಿಸಬಹುದು ಅಂತಿತ್ತು, ಚರ್ಚೆಯಾಗಿ ಆಗಿ ಒಂದೇ ಒಂದು 'ಟಿ'ಗೆ ಇಳಿಯಿತು. ನಮಗಿನ್ನೂ ಅದರ ಅಗತ್ಯ ಬಿದ್ದಿಲ್ಲ.

ನಾನು ಈ ವಿಮರ್ಶೆ ಬರೆಯಲು ಕೂತದ್ದು ಟೈಪ್ ಹಿಂಟಿನ ವಿಷಯಕ್ಕೆ. ಅನೊಟೇಶನ್ ಅಂತಾರಲ್ಲ, ಅದು: ಒಂದು ಹೆಸರಿನಲ್ಲಿ ಯಾವ ಬಗೆಯ ಮಾಹಿತಿ ಇರಬೇಕು ಅಂತ ಕೋಡಿನಲ್ಲೇ ಬರೆದಿಡುವ ಗುರುತು. ಎಂಟು ವರ್ಷ ನಡೆದ ಕಥೆ ಅದು, ಅದರಲ್ಲಿ ನಮ್ಮ ಆಫೀಸಿಗೂ ಒಂದು ಸಣ್ಣ ಪಾಲಿದೆ.

ನಮ್ಮ ಕೋಡಿನಲ್ಲಿ 'ಸಂಘ' ಅಂತ ಒಂದು ಕ್ಲಾಸ್, 'ಸದಸ್ಯ' ಅಂತ ಇನ್ನೊಂದು. ಕ್ಲಾಸ್ ಅಂದರೆ ಒಂದು ಬಗೆಯ ಮಾಹಿತಿಗೆ ಮಾಡಿಕೊಂಡ ಅಚ್ಚು. ಸಂಘದೊಳಗೆ ಸದಸ್ಯರ ಪಟ್ಟಿ ಇರಬೇಕು. ಸದಸ್ಯನೊಳಗೆ ಅವನು ಯಾವ ಸಂಘದವನು ಅಂತ ಇರಬೇಕು. ಫೈಲಿನಲ್ಲಿ ಯಾವುದನ್ನು ಮೇಲೆ ಬರೆದರೂ ಇನ್ನೊಂದು ಕೆಳಗೆ ಬೀಳುತ್ತದೆ. ಹಳೆಯ ಪೈಥಾನ್ ಮೇಲಿನಿಂದ ಓದುತ್ತಾ ಬಂದು, ಸಂಘದಲ್ಲಿ 'ಸದಸ್ಯ' ಅನ್ನುವ ಹೆಸರು ಕಂಡ ತಕ್ಷಣ, ಇದು ಯಾರು ಗೊತ್ತಿಲ್ಲ ಅಂತ ನೇಮ್‌ಎರರ್ ಕೊಟ್ಟು ನಿಂತುಬಿಡುತ್ತಿತ್ತು. ಅದಕ್ಕೆ ಎಲ್ಲರೂ ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಬರೀ ಅಕ್ಷರ ಮಾಡಿ ದಾಟಿಕೊಳ್ಳುತ್ತಿದ್ದೆವು.

ಪೈಥಾನ್‌ಗೆ ಹೊಸದೇನಾದರೂ ಸೇರಬೇಕಾದರೆ ಪೆಪ್ ಅನ್ನುವ ಪ್ರಸ್ತಾವ ಬರೆಯಬೇಕು. ಏನು ಬೇಕು, ಯಾಕೆ ಬೇಕು, ಹೇಗೆ ನಡೆದುಕೊಳ್ಳುತ್ತದೆ, ಹಳೆಯದಕ್ಕೆ ಏನಾಗುತ್ತದೆ, ಎಲ್ಲ ಅದರಲ್ಲಿರಬೇಕು. 2017ರಲ್ಲಿ ಬಂದ ಪೆಪ್ 563 ಈ ತೊಂದರೆಗೆ ಕೊಟ್ಟ ಪರಿಹಾರ ಓದಲಿಕ್ಕೆ ಬಹಳ ಅಚ್ಚುಕಟ್ಟು: ಎಲ್ಲ ಅನೊಟೇಶನ್‌ಗಳನ್ನೂ ಪೈಥಾನೇ ಅಕ್ಷರವಾಗಿ ಇಟ್ಟುಕೊಳ್ಳಲಿ, ಲೆಕ್ಕ ಹಾಕುವುದೇ ಬೇಡ. 2018ರ 3.7ರಿಂದ, ಫೈಲಿನ ತಲೆಯ ಮೇಲೆ ಒಂದು ಇಂಪೋರ್ಟ್ ಸಾಲು (ಬೇರೆ ಕಡೆ ಇರುವುದನ್ನು ಈ ಫೈಲಿಗೆ ತರಿಸಿಕೊಳ್ಳುವ ಸಾಲು) ಬರೆದರೆ ಹೀಗಾಗುತ್ತಿತ್ತು. ಮುಂದೆ ಆ ಸಾಲೂ ಬೇಡ, ತಾನಾಗಿಯೇ ಹೀಗಿರುತ್ತದೆ ಅಂತ ತೀರ್ಮಾನವಾಗಿತ್ತು. ಅದಕ್ಕೆ ಗೊತ್ತು ಮಾಡಿದ ಆವೃತ್ತಿ 3.10.

ನಾನು ಆ ಪೆಪ್ ಓದಿದ್ದೆ. ನಂಬಿದ್ದೆ. ಹೇಗೂ ಬರುವುದೇ ತಾನೇ, ಈಗಲೇ ಸಿದ್ಧವಾಗಿರೋಣ ಅಂತ ನಮ್ಮ ಎಲ್ಲ ಫೈಲಿಗೂ ಆ ಸಾಲು ಹಾಕಿಸಿದೆ. ಹಾಕಿಸಿದ ಎರಡನೇ ಬಟವಾಡೆಗೆ ಮದ್ದೂರು ಕಡೆಯ ಒಂದು ಸಂಘದಿಂದ ಕಾರ್ಯದರ್ಶಿ ಫೋನು ಮಾಡಿದರು: "ಮೇಡಂ, ಪಟ್ಟೀನೇ ಬರ್ತಿಲ್ವಲ್ಲ. ಜನ ಡೇರಿ ಮುಂದೆ ಕೂತವ್ರೆ." ಲಾಗ್ ತೆಗೆದು ನೋಡಿದರೆ ಅದೇ ನೇಮ್‌ಎರರ್. ಆ ಸಂಘದ ದರದ ಲೆಕ್ಕಕ್ಕೆ ನಾವು ಒಂದು ಫಂಕ್ಷನ್ (ಬೇಕಾದಾಗ ಹೆಸರು ಹಿಡಿದು ಕರೆಯುವ ಕೋಡಿನ ತುಂಡು) ಒಳಗೇ ಚಿಕ್ಕ ಕ್ಲಾಸ್ ಬರೆದಿದ್ದೆವು. ನಾವು ಬಳಸುವ ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಪ್ರೋಗ್ರಾಂ ಓಡುವಾಗ ಟೈಪ್ ಹಿಂಟು ಓದಿ, ಬಂದ ಮಾಹಿತಿ ಸರಿಯಿದೆಯಾ ಅಂತ ಪರೀಕ್ಷಿಸುತ್ತದೆ. ಈಗ ಅದರ ಕೈಗೆ ಸಿಕ್ಕಿದ್ದು ಟೈಪ್ ಅಲ್ಲ, 'ಇಳುವರಿದರ' ಅನ್ನುವ ಬರೀ ಅಕ್ಷರ. ಆ ಹೆಸರಿನ ಕ್ಲಾಸನ್ನು ಅದು ಮಾಡ್ಯೂಲಿನಲ್ಲಿ, ಅಂದರೆ ಫೈಲಿನ ಹೊರಮಟ್ಟದಲ್ಲಿ, ಹುಡುಕಿತು. ಕ್ಲಾಸಿದ್ದದ್ದು ಫಂಕ್ಷನ್ ಒಳಗೆ. ಎಲ್ಲಿಂದ ಸಿಗಬೇಕು?

ಪ್ರಸ್ತಾವದ ಪದಗಳಲ್ಲಿ ಇದು ಮುಚ್ಚಿಟ್ಟಿರಲಿಲ್ಲ. ಫಂಕ್ಷನ್ ಒಳಗಿನ ಹೆಸರು ಆಮೇಲೆ ಸಿಗದು ಅಂತ ಅಲ್ಲೇ ಇತ್ತು. ನಾನು ಆ ಸಾಲು ಓದಿಯೂ ಇದ್ದೆ. ಆದರೆ ಆ ಒಂದು ಸಾಲಿನೊಳಗೆ ನಮ್ಮ ಮದ್ದೂರಿನ ಪಟ್ಟಿ ಕೂತಿದೆ ಅಂತ ಓದುವಾಗ ಕಾಣಲಿಲ್ಲ. ಬರೆದವರಿಗೂ ಕಾಣುವ ಹಾಗಿರಲಿಲ್ಲ. ಅವರು ಎದುರಿಗಿಟ್ಟುಕೊಂಡಿದ್ದದ್ದು ಕೋಡನ್ನು ಓಡಿಸದೆಯೇ ಓದಿ ತಪ್ಪು ಹುಡುಕುವ ಟೈಪ್ ಚೆಕ್ಕರುಗಳನ್ನು. ಅಷ್ಟರಲ್ಲಿ ಪೈಡಾಂಟಿಕ್, ಫಾಸ್ಟ್‌ಎಪಿಐ ಥರದ ಲೈಬ್ರರಿಗಳು ಬೆಳೆದು, ಓಡುವಾಗಲೇ ಹಿಂಟು ಓದುವ ಪ್ರೋಗ್ರಾಂಗಳು ಎಲ್ಲೆಲ್ಲೂ ಆಗಿಹೋಗಿದ್ದವು.

2021ರ ಏಪ್ರಿಲ್‌ನಲ್ಲಿ, 3.10ಕ್ಕೆ ಹೊಸದನ್ನು ಸೇರಿಸುವ ಬಾಗಿಲು ಮುಚ್ಚಲು ಕೆಲವೇ ವಾರ ಇರುವಾಗ, ಆ ಲೈಬ್ರರಿಗಳ ಕಡೆಯಿಂದ ಕೂಗು ಎದ್ದಿತು. ಪೆಪ್‌ಗಳ ಬಗ್ಗೆ ಕೊನೆಯ ತೀರ್ಮಾನ ಮಾಡುವ ಸಮಿತಿ, ಪೈಥಾನ್‌ನ ಸ್ಟೀರಿಂಗ್ ಕೌನ್ಸಿಲ್, ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಒಪ್ಪಿಗೆಯಾಗಿ ಮೂರು ವರ್ಷದ ಮೇಲಾಗಿದ್ದ ಪ್ರಸ್ತಾವ ಅದು.

ಇಲ್ಲಿ ಒಂದು ಮಾತನ್ನು ನಾನು ಬಿಡಿಸಿ ಹೇಳಲೇಬೇಕು. ಬರಹ ಮಾತ್ರ ಇತ್ತು, ಕೋಡ್ ಇರಲಿಲ್ಲ, ಅದಕ್ಕೇ ಹೀಗಾಯಿತು ಅಂತ ಹಲವರು ಹೇಳುತ್ತಾರೆ. ಅದು ನಿಜವಲ್ಲ. ಓಡುವ ಕೋಡು 3.7ರಿಂದಲೇ ಎಲ್ಲರ ಕೈಯಲ್ಲಿತ್ತು. ಆದರೆ ಬೇಕಾದವರು ಮಾತ್ರ ಹಾಕಿಕೊಳ್ಳುವ ಒಂದು ಸಾಲಾಗಿ ಇತ್ತು. ಯಾರಿಗೆ ಒಡೆಯಿತೋ ಅವರು ಆ ಸಾಲನ್ನು ಅಳಿಸಿ ಮುಂದೆ ಹೋದರು. ಮದ್ದೂರಿನಿಂದ ಫೋನು ಬಂದ ಸಂಜೆ ನಾನು ಮಾಡಿದ್ದೂ ಅದನ್ನೇ. ಎರಡು ಫೈಲಿನಿಂದ ಸಾಲು ತೆಗೆದೆ, ಪಟ್ಟಿ ಕಳಿಸಿದೆ, ಮನೆಗೆ ಹೋದೆ. ಪೈಥಾನ್‌ನವರಿಗೆ ಒಂದಕ್ಷರ ಬರೆಯಲಿಲ್ಲ. ನನ್ನ ಹಾಗೆ ಎಷ್ಟು ಜನ ಸುಮ್ಮನಾದರೋ. ಅವರ ಕಡೆಯಿಂದ ನೋಡಿದರೆ ಮೂರು ವರ್ಷ ಎಲ್ಲವೂ ಸರಿಯಾಗಿಯೇ ನಡೆದ ಹಾಗೆ ಕಾಣುತ್ತಿತ್ತು. ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವೆ. ಒಡಕು ದನಿ ಬಂದರೆ ಪಕ್ಕಕ್ಕಿಟ್ಟು ಬೇರೆ ಎತ್ತಿಕೊಳ್ಳುತ್ತೇವೆ. ಕುಂಬಾರನಿಗೆ ಹೇಳಿ ಹೋದರೆ ತಾನೇ ಮುಂದಿನ ಆವಿಗೆ ಸರಿಯಾಗುವುದು?

ಅದೇ 2021ರ ಜನವರಿಯಲ್ಲಿ ಲ್ಯಾರಿ ಹೇಸ್ಟಿಂಗ್ಸ್ ಬೇರೆ ದಾರಿ ತೋರಿಸಿದ್ದರು, ಪೆಪ್ 649. ಅನೊಟೇಶನ್ನನ್ನು ಅಕ್ಷರ ಮಾಡುವುದೂ ಬೇಡ, ಕಂಡ ಕೂಡಲೇ ಲೆಕ್ಕ ಹಾಕುವುದೂ ಬೇಡ. ಬರೆದ ಕೋಡನ್ನು ಓಡಿಸಲು ಸಿದ್ಧ ಮಾಡುವ ಕಂಪೈಲರ್ ಅದನ್ನೊಂದು ಪುಟ್ಟ ಫಂಕ್ಷನ್ ಮಾಡಿ ಪಕ್ಕಕ್ಕಿಡಲಿ. ಯಾರಾದರೂ ಕೇಳಿದಾಗ ಮಾತ್ರ ಓಡಿಸಲಿ. ಅಷ್ಟು ಹೊತ್ತಿಗೆ 'ಸದಸ್ಯ'ವೂ ಬಂದಿರುತ್ತದೆ, 'ಸಂಘ'ವೂ ಬಂದಿರುತ್ತದೆ. ಫಂಕ್ಷನ್ ಒಳಗಿನ ಹೆಸರೂ ಕೈಬಿಟ್ಟು ಹೋಗುವುದಿಲ್ಲ. ಬರಹದ ಜೊತೆಗೆ ಅವರು ಓಡುವ ಮಾದರಿಯನ್ನೂ ಇಟ್ಟಿದ್ದರು. 2023ರಲ್ಲಿ ಒಪ್ಪಿಗೆ ಸಿಕ್ಕಿತು.

ಒಪ್ಪಿಗೆ ಸಿಕ್ಕಿದ ಮೇಲೆ ನಡೆದದ್ದು ನನಗೆ ಬಹಳ ಇಷ್ಟ. ಯೆಲ್ಲೆ ಝೈಲ್‌ಸ್ಟ್ರಾ ಅನ್ನುವವರು ಅದನ್ನು ಪೈಥಾನ್ ಒಳಗೆ ನಿಜಕ್ಕೂ ಕಟ್ಟಲು ಕೂತರು. ಕಟ್ಟುತ್ತಾ ಹೋದ ಹಾಗೆ, ಪ್ರಸ್ತಾವದಲ್ಲಿ ಉತ್ತರ ಇಲ್ಲದ ಪ್ರಶ್ನೆಗಳು ಒಂದೊಂದಾಗಿ ಎದ್ದವು. ಅವರು ಸುಮ್ಮನೆ ತಮಗೆ ತೋಚಿದ ಹಾಗೆ ಮಾಡಿಬಿಡಲಿಲ್ಲ. 2024ರಲ್ಲಿ ಆ ಪ್ರಶ್ನೆಗಳನ್ನೆಲ್ಲ ಸೇರಿಸಿ ಇನ್ನೊಂದು ಪೆಪ್ ಬರೆದರು, 749. ಅದರ ಹೆಸರೇ 'ಪೆಪ್ 649ರ ಅನುಷ್ಠಾನ'. ಒಪ್ಪಿಗೆಯಾದ ಬರಹವನ್ನು ಕೋಡು ತಿದ್ದಿತು, ತಿದ್ದಿದ್ದನ್ನು ಮತ್ತೆ ಬರಹಕ್ಕೆ ಇಳಿಸಿದರು.

ಅದರಲ್ಲಿ ಒಂದು ತಿದ್ದುಪಡಿ ನೇರವಾಗಿ ನಮ್ಮ ಮನೆ ಬಾಗಿಲಿನದು. ಕೆಲವು ಸಂಘಗಳಲ್ಲಿ ಬಿಎಂಸಿ ಇರುತ್ತದೆ, ಹಾಲು ತಂಪು ಮಾಡುವ ದೊಡ್ಡ ಟ್ಯಾಂಕು. ಕೆಲವರಲ್ಲಿ ಇರುವುದಿಲ್ಲ, ಕ್ಯಾನಿನಲ್ಲೇ ಹಾಲು ಹೋಗುತ್ತದೆ. ನಮ್ಮ ಕ್ಲಾಸಿನೊಳಗೆ ಒಂದು 'ಇಫ್' ಇದೆ: ಬಿಎಂಸಿ ಇದ್ದರೆ ಮಾತ್ರ 'ತಾಪಮಾನ' ಅನ್ನುವ ಫೀಲ್ಡು. 649ರಲ್ಲಿ ಹೀಗೆ ಷರತ್ತಿನೊಳಗೆ ಬರುವ ಅನೊಟೇಶನ್‌ಗೆ ಜಾಗವೇ ಇರಲಿಲ್ಲ. ಅದು ಹಾಗೇ ಬಂದಿದ್ದರೆ ಬಿಎಂಸಿ ಇಲ್ಲದ ಸಂಘಕ್ಕೂ ನಮ್ಮ ಫಾರಂ ತಾಪಮಾನ ಕೇಳಿಕೊಂಡು ಕೂರಬಹುದಿತ್ತು. 749ರಲ್ಲಿ ಯಾವ ಸಾಲು ನಿಜವಾಗಿ ಓಡಿತು ಅಂತ ನೆನಪಿಟ್ಟುಕೊಂಡು, ಅದನ್ನು ಮಾತ್ರ ಎಣಿಸುತ್ತದೆ. 3.14ರಲ್ಲಿ ನಮ್ಮ ಕ್ಲಾಸು ಒಂದಕ್ಷರ ಬದಲಾಗದೆ ಓಡಿತು.

ಎಲ್ಲವೂ ಹಾಗೆ ಓಡಲಿಲ್ಲ ಅನ್ನುವುದನ್ನೂ ಹೇಳಬೇಕು. ಹಳೆಯ ಕೋಡಿನಲ್ಲಿ ನಾವೇ ಬರೆದ ಒಂದು ಮೆಟಾಕ್ಲಾಸ್, ಅಂದರೆ ಬೇರೆ ಕ್ಲಾಸುಗಳನ್ನು ಹುಟ್ಟಿಸುವ ಕ್ಲಾಸ್, ಇತ್ತು. ಕ್ಲಾಸ್ ಹುಟ್ಟುವ ಹೊತ್ತಿಗೇ ಅದರ ಹೆಸರುಗಳ ಡಿಕ್ಷನರಿಗೆ ಕೈ ಹಾಕಿ ಅನೊಟೇಶನ್ ಹೆಕ್ಕಿಕೊಳ್ಳುತ್ತಿತ್ತು. 3.14ರಲ್ಲಿ ಆ ಜಾಗ ಖಾಲಿ, ಯಾಕೆಂದರೆ ಇನ್ನೂ ಯಾರೂ ಕೇಳಿಲ್ಲ, ಆ ಪುಟ್ಟ ಫಂಕ್ಷನ್ ಓಡಿಲ್ಲ. ಎರರ್ ಕೂಡ ಬರಲಿಲ್ಲ, ಫೀಲ್ಡುಗಳೇ ಇಲ್ಲದ ಫಾರಂ ಬಂತು. ಪುಣ್ಯಕ್ಕೆ ಇದು ಕಂಡದ್ದು ಪರೀಕ್ಷೆಯ ಮೆಷಿನ್ನಿನಲ್ಲಿ. ದಾಖಲೆ ತೆಗೆದರೆ ಇದೇ ಸನ್ನಿವೇಶ, ಇದಕ್ಕೆಂದೇ ಹೊಸ ಅನೊಟೇಶನ್‌ಲಿಬ್ ಮಾಡ್ಯೂಲಿನಲ್ಲಿ ಯಾವ ಫಂಕ್ಷನ್ ಕರೆಯಬೇಕು ಅನ್ನುವವರೆಗೆ ಬರೆದಿದೆ. ಮಧ್ಯಾಹ್ನದ ಊಟದೊಳಗೆ ಸರಿ ಮಾಡಿದೆವು. ಕಟ್ಟಿ ನೋಡಿದವರು ಬರೆದ ದಾಖಲೆಗೂ ಕಟ್ಟುವ ಮೊದಲು ಬರೆದ ದಾಖಲೆಗೂ ಇರುವ ವ್ಯತ್ಯಾಸ ನನಗೆ ಅಂದು ಚೆನ್ನಾಗಿ ಗೊತ್ತಾಯಿತು. ಎಲ್ಲಿ ಕಾಲು ಜಾರುತ್ತದೆ ಅಂತ ಜಾರಿದವರಿಗೇ ಗೊತ್ತು.

ಹಳೆಯ ಇಂಪೋರ್ಟ್ ಸಾಲು ನಿಮ್ಮ ಫೈಲುಗಳಲ್ಲಿದ್ದರೆ ಗಾಬರಿ ಬೇಡ. ಅದು ಮೊದಲಿನ ಹಾಗೆಯೇ ನಡೆಯುತ್ತದೆ. 3.13ರ ಆಯಸ್ಸು ಮುಗಿಯುವ 2029ರವರೆಗೆ ತೆಗೆಯುವುದಿಲ್ಲ ಅಂತ ಹೇಳಿದ್ದಾರೆ. ನಾವು ಮಾತ್ರ ಎಲ್ಲ ಕಡೆಯಿಂದ ತೆಗೆದೆವು. ಉದ್ಧರಣ ಚಿಹ್ನೆಗಳನ್ನೂ ತೆಗೆದೆವು. 'ಸಂಘ', 'ಸದಸ್ಯ' ಈಗ ಯಾವ ಹೊದಿಕೆಯೂ ಇಲ್ಲದೆ ಹೆಸರಾಗಿಯೇ ನಿಂತಿವೆ, ಓದಲಿಕ್ಕೆ ಎಷ್ಟು ಹಿತವಾಗಿದೆ ಅಂದರೆ ಆ ಫೈಲನ್ನು ಕೆಲಸವಿಲ್ಲದಿದ್ದರೂ ತೆರೆದು ನೋಡಿದ್ದೇನೆ.

ಇನ್ನು ಗಿಲ್ ಇಲ್ಲದ ಪೈಥಾನ್. ಗಿಲ್ ಅಂದರೆ ಒಂದು ಬೀಗ. ಎಷ್ಟೇ ಥ್ರೆಡ್ (ಒಂದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ನಡೆಯುವ ಕೆಲಸದ ಎಳೆ) ಎಬ್ಬಿಸಿದರೂ ಒಂದು ಸಲಕ್ಕೆ ಒಂದೇ ಥ್ರೆಡ್ಡು ಪೈಥಾನ್ ಕೋಡು ಓಡಿಸುವಂತೆ ಕಾಯುವುದು ಅದರ ಕೆಲಸ. ತೆಗೆಯಬೇಕು ಅನ್ನುವ ಮಾತು 1990ರ ದಶಕದಷ್ಟು ಹಳೆಯದು. ಗ್ರೆಗ್ ಸ್ಟೈನ್ ಆಗಲೇ ತೆಗೆದು ತೋರಿಸಿದ್ದರು, ಆದರೆ ಒಂದೇ ಥ್ರೆಡ್ಡಿನ ಸಾಮಾನ್ಯ ಪ್ರೋಗ್ರಾಂ ಬಹಳ ನಿಧಾನವಾಯಿತು. 2007ರಲ್ಲಿ ಪೈಥಾನ್ ಹುಟ್ಟುಹಾಕಿದ ಗೀಡೊ ವಾನ್ ರಾಸಮ್ ಇದರ ಬಗ್ಗೆ ಬರೆದಾಗ ವಾದ ಕೇಳಲಿಲ್ಲ, ಪ್ಯಾಚ್, ಅಂದರೆ ತಿದ್ದಿದ ಕೋಡು, ಕೇಳಿದರು: ಒಂಟಿ ಥ್ರೆಡ್ಡಿನ ಕೆಲಸ ನಿಧಾನವಾಗದ ಹಾಗೆ ಮಾಡಿ ತಂದರೆ ಸ್ವಾಗತ. 2016ರಲ್ಲಿ ಲ್ಯಾರಿ ಹೇಸ್ಟಿಂಗ್ಸ್ ಪ್ರಯತ್ನಪಟ್ಟರು, ಹೌದು, ಮೇಲೆ ಹೇಳಿದ ಅವರೇ. 2021ರಲ್ಲಿ ಸ್ಯಾಮ್ ಗ್ರಾಸ್ ಓಡುವ ಪೈಥಾನನ್ನೇ ತಂದು ಮುಂದಿಟ್ಟರು. ಪೆಪ್ 703 ಬಂದದ್ದು ಆಮೇಲೆ, 2023ರ ಜನವರಿಯಲ್ಲಿ. ಕೋಡು ಕೈಯಲ್ಲಿದ್ದರೂ ಆ ಬರಹ ಬೇಕೇ ಬೇಕಾಯಿತು, ಯಾಕೆಂದರೆ ಸಿ ಭಾಷೆಯಲ್ಲಿ ಬರೆದ ನೂರಾರು ಲೈಬ್ರರಿಗಳವರಿಗೆ ತಾವೇನು ಬದಲಿಸಬೇಕು ಅಂತ ಕೋಡು ನೋಡಿ ಊಹಿಸಿ ಅನ್ನಲಾಗುವುದಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಾಗಲೂ ಹಂತ ಹಂತವಾಗಿ ಅಂತ ಷರತ್ತು ಹಾಕಿದರು. 3.13ರಲ್ಲಿ ಪ್ರಯೋಗಕ್ಕೆ ಅಂತ ಬೇರೆಯೇ ಬಿಲ್ಡ್ (ಬೇರೆಯಾಗಿ ತಯಾರಿಸಿದ ಪೈಥಾನ್), 3.14ರಲ್ಲಿ ಆ ಬಿಲ್ಡಿಗೆ ಅಧಿಕೃತ ಬೆಂಬಲ. ಒಂಟಿ ಥ್ರೆಡ್ಡಿನಲ್ಲಿ ಈಗ ಸುಮಾರು 5ರಿಂದ 10 ಶೇಕಡ ನಿಧಾನ ಅಂತ ಅವರೇ ಹೇಳುತ್ತಾರೆ.

ನಮ್ಮ ಬಟವಾಡೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಇಲ್ಲಿಯವರೆಗೆ ನಾಲ್ಕು ಪ್ರೊಸೆಸ್ ಎಬ್ಬಿಸಿ ಸಂಘಗಳನ್ನು ಹಂಚುತ್ತಿದ್ದೆವು. ಪ್ರತಿಯೊಂದೂ ಫ್ಯಾಟು-ಎಸ್‌ಎನ್‌ಎಫ್ ದರಪಟ್ಟಿಯ ತನ್ನದೇ ಪ್ರತಿ ಹೊತ್ತುಕೊಂಡಿರುತ್ತಿತ್ತು. ಹೊಸ ಬಿಲ್ಡಿನಲ್ಲಿ ಒಂದೇ ದರಪಟ್ಟಿ, ನಾಲ್ಕು ಥ್ರೆಡ್ಡು, ನಾಲ್ಕೂ ಕೋರು ಒಟ್ಟಿಗೆ ದುಡಿಯುವುದನ್ನು ನೋಡಿದೆ. ಆದರೆ ವರದಿ ಮುದ್ರಿಸುವ ಒಂದು ಲೈಬ್ರರಿಯನ್ನು ಇಂಪೋರ್ಟ್ ಮಾಡಿದ ಕ್ಷಣ ಪರದೆಯ ಮೇಲೆ ಎಚ್ಚರಿಕೆ ಬಂತು: ಈ ಮಾಡ್ಯೂಲ್ ಗಿಲ್ ಇಲ್ಲದೆ ಓಡಲು ಸಿದ್ಧ ಅಂತ ಹೇಳಿಕೊಂಡಿಲ್ಲ, ಹಾಗಾಗಿ ಗಿಲ್ ಮತ್ತೆ ಹಾಕಿದ್ದೇನೆ. ಬೀಗ ಬಿತ್ತು, ಮೂರು ಕೋರು ಸುಮ್ಮನೆ ಕೂತವು. ತಪ್ಪು ಲೆಕ್ಕ ಕೊಡುವುದಕ್ಕಿಂತ ಇದು ಎಷ್ಟೋ ಮೇಲು, ನಾನು ದೂರುವುದಿಲ್ಲ. ಸರ್ವರಿನಲ್ಲಿ ಸದ್ಯಕ್ಕೆ ಸಾಮಾನ್ಯ ಬಿಲ್ಡೇ ಇದೆ. ನೀವು ಹಾಕುವುದಾದರೆ ಮೊದಲು ನಿಮ್ಮ ಲೈಬ್ರರಿಗಳನ್ನು ಒಂದೊಂದಾಗಿ ಇಂಪೋರ್ಟ್ ಮಾಡಿ ನೋಡಿ.

ಕೋಡು ಓಡುತ್ತದೆ ಅಂದ ಮಾತ್ರಕ್ಕೆ ಪೈಥಾನ್‌ನವರು ಒಪ್ಪಿಬಿಡುವುದಿಲ್ಲ ಅನ್ನುವುದಕ್ಕೆ ಪೆಪ್ 690 ಇದೆ. ಇಂಪೋರ್ಟ್ ಮಾಡಿದ್ದನ್ನು ಬೇಕಾದಾಗ ಮಾತ್ರ ತರುವ ಯೋಜನೆ ಅದು. ಇನ್‌ಸ್ಟಾಗ್ರಾಂನಷ್ಟು ದೊಡ್ಡ ಕಡೆ ಓಡಿದ ಕೋಡು ಅದರ ಹಿಂದಿತ್ತು. ಆದರೂ 2022ರಲ್ಲಿ ಬೇಡ ಅಂದರು, ಯಾಕೆಂದರೆ ಒಂದು ಸ್ವಿಚ್ಚು ಒತ್ತಿದರೆ ಇಡೀ ಪ್ರೋಗ್ರಾಂ ಬೇರೆ ರೀತಿ ನಡೆಯುತ್ತಿತ್ತು, ಲೈಬ್ರರಿ ಬರೆಯುವವರು ಎರಡು ಬಗೆಯ ಪೈಥಾನ್‌ಗೆ ಬರೆಯಬೇಕಾಗುತ್ತಿತ್ತು. ಅದೇ ಆಸೆ 2025ರಲ್ಲಿ ಪೆಪ್ 810 ಆಗಿ ಬಂತು, ಬೇಕಾದ ಸಾಲಿಗೆ ಮಾತ್ರ 'ಲೇಜಿ' ಅಂತ ಬರೆಯುವ ರೂಪದಲ್ಲಿ. ಈ ಸಲ ಒಪ್ಪಿಗೆಯಾಯಿತು. 3.15ಕ್ಕೆ ಬರಲಿದೆ.

ಬರಹದ ಜೊತೆಗೆ ಕಟ್ಟಿ ನೋಡಿದ ಕೋಡೂ ಇರಬೇಕು ಅನ್ನುವುದನ್ನು ಬೇರೆ ಭಾಷೆಗಳವರು ನಿಯಮ ಮಾಡಿಕೊಂಡಿದ್ದಾರೆ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪ್ರಸ್ತಾವ ಕೊನೆಯ ಹಂತ ಮುಟ್ಟಬೇಕಾದರೆ ಪರೀಕ್ಷೆಗಳನ್ನು ದಾಟಿದ ಎರಡು ಬೇರೆ ಬೇರೆ ಅನುಷ್ಠಾನ ಇರಲೇಬೇಕು. ಸಿ++ ಬಹಳ ಕಷ್ಟಪಟ್ಟು ಕಲಿತ ಪಾಠವೂ ಇದೇ. ಆ ಭಾಷೆಯ ನಿಯಮಗಳ 1998ರ ಸ್ಟ್ಯಾಂಡರ್ಡಿಗೆ ಟೆಂಪ್ಲೇಟುಗಳ 'ಎಕ್ಸ್‌ಪೋರ್ಟ್' ಅನ್ನುವ ಸೌಲಭ್ಯ ಸೇರಿತು, ಆಗ ಅದನ್ನು ಕಟ್ಟಿ ನೋಡಿದವರು ಯಾರೂ ಇರಲಿಲ್ಲ. ಆಮೇಲೆ ಕಂಪೈಲರ್ ಕೆಲಸದ ಕಂಪನಿಯಾದ ಎಡಿಸನ್ ಡಿಸೈನ್ ಗ್ರೂಪ್‌ನವರು ವರ್ಷಗಟ್ಟಲೆ ದುಡಿದು ಕಟ್ಟಿದರು. 2011ರ ಸ್ಟ್ಯಾಂಡರ್ಡಿನಲ್ಲಿ ಅದನ್ನು ಕಿತ್ತು ಹಾಕಿದರು. ಅಷ್ಟು ದುಡಿಮೆ ಹೀಗೆ ಹೋಯಿತಲ್ಲ ಅಂತ ಓದಿದಾಗ ನನಗೆ ನಿಜವಾಗಿಯೂ ಸಂಕಟವಾಗಿತ್ತು.

ಯಾರು ಹಾಕಿಕೊಳ್ಳಬಹುದು? ನಿಮ್ಮ ಕೋಡಿನಲ್ಲಿ ಒಂದನ್ನೊಂದು ಹೆಸರಿಸುವ ಕ್ಲಾಸುಗಳು ತುಂಬಿದ್ದರೆ, ಓಡುವಾಗ ಟೈಪ್ ಓದುವ ಲೈಬ್ರರಿ ಬಳಸುತ್ತಿದ್ದರೆ, 3.14 ಖಂಡಿತ ಹಾಕಿ. ಆ ಲೈಬ್ರರಿಗಳ ಹೊಸ ಆವೃತ್ತಿಯನ್ನೂ ಜೊತೆಗೇ ಹಾಕಿ, ಹಳೆಯದರ ಜೊತೆ ಹಾಕಿ ಪೇಚಾಡಬೇಡಿ. ಮೆಟಾಕ್ಲಾಸ್ ಬರೆದುಕೊಂಡವರು ಪರೀಕ್ಷೆಯ ಮೆಷಿನ್ನಿನಲ್ಲಿ ಒಂದು ವಾರ ಓಡಿಸಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಹಿಡಿದದ್ದು ಆ ಮೆಟಾಕ್ಲಾಸ್ ಎರರ್ ಕೊಡದೆ ಖಾಲಿ ಫಾರಂ ತೋರಿಸಿತಲ್ಲ, ಅದಕ್ಕೆ.

ಆಫೀಸಿನ ಮೂಲೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇತ್ತು, ಪ್ರಿಂಟರ್ ಪೇಪರ್ ಇಡಲು ಬಳಸುತ್ತಿದ್ದೆವು. ಕಳೆದ ತಿಂಗಳು ಅದನ್ನು ಒರೆಸಿ, 3.15ರ ಪ್ರಯೋಗದ ಬಿಲ್ಡ್ ಹಾಕಿದ್ದೇವೆ. ಪ್ರತಿ ಶನಿವಾರ ಮಧ್ಯಾಹ್ನ ಹಿಂದಿನ ಬಟವಾಡೆಯ ಲೆಕ್ಕವನ್ನು ಅದರ ಮೇಲೆ ಮತ್ತೆ ಓಡಿಸಿ, ಪೈಸೆಗೆ ಪೈಸೆ ತಾಳೆ ನೋಡುವ ಕೆಲಸ ಹೊಸ ಹುಡುಗಿಯದು. ಹೋದ ವಾರ ದರಪಟ್ಟಿಯ ಇಂಪೋರ್ಟಿಗೆ 'ಲೇಜಿ' ಹಾಕಿ ನೋಡಿದಳು, ಒಂದು ಕಡೆ ನಮ್ಮ ಪರೀಕ್ಷೆ ಕೆಂಪಾಯಿತು. ಅಳಿಸಿಬಿಡಲಾ ಅಂತ ಕೇಳಿದಳು. ಬೇಡಮ್ಮ, ಮೊದಲು ಏನಾಯಿತು ಅಂತ ಬರಿ, ತಪ್ಪು ನಮ್ಮದೋ ಅವರದೋ ನೋಡೋಣ, ಅವರದಾದರೆ ಇವತ್ತೇ ಕಳಿಸೋಣ ಅಂದೆ. ಇಬ್ಬರೂ ಕೂತು ಹನ್ನೆರಡು ಸಾಲಿಗೆ ಇಳಿಸಿದ್ದೇವೆ. ಬಟವಾಡೆ, ಸಂಘ, ಸದಸ್ಯ ಎಲ್ಲ ತೆಗೆದ ಮೇಲೂ ಅದು ಕೆಂಪಾಗಿಯೇ ಇದೆ.